ಪಠ್ಯದ ನಾಟಕ, ಪರದೆಯ ನಾಟಕ

ಹೆಸರಘಟ್ಟ ಮುಖ್ಯರಸ್ತೆಯಲ್ಲಿ ಚಿಕ್ಕಬಾಣಾವರ ದಾಟಿದ ಮೇಲೆ ಸಿಗುವ ಸೋಲದೇವನಹಳ್ಳಿ ಈಗ ವಿದ್ಯಾರ್ಥಿಗಳ ಊರು. ಆಚಾರ್ಯ ವಿದ್ಯಾಸಂಸ್ಥೆಗಳ ಸುತ್ತ ಪಿ.ಜಿ.ಗಳು, ಜೆರಾಕ್ಸ್ ಅಂಗಡಿಗಳು, ದರ್ಶಿನಿಗಳು ಬೆಳೆದಿವೆ. ಇಂಥ ಊರಿನ ಯಾವುದೇ ಕಾಲೇಜಿನಲ್ಲಿ ಭಾಷಾ ಪಠ್ಯಕ್ಕೆ ಒಂದು ನಾಟಕ ಬಂತೆಂದರೆ ವಿದ್ಯಾರ್ಥಿಯ ಕೈ ಮೊದಲು ಹೋಗುವುದು ಮೊಬೈಲಿಗೆ: ಇದರ ಸಿನಿಮಾ ಇದೆಯೇ? ಮೇಷ್ಟರಿಗೆ ಇದು ಓದು ತಪ್ಪಿಸಿಕೊಳ್ಳುವ ಉಪಾಯದಂತೆ ಕಾಣುತ್ತದೆ. ಹಲವು ಸಲ ಹಾಗೆ ಇರುವುದೂ ಉಂಟು. ಆದರೆ ಪುಸ್ತಕವನ್ನು ಪಕ್ಕದಲ್ಲಿಟ್ಟುಕೊಂಡು ನೋಡುವ ವಿದ್ಯಾರ್ಥಿಗೆ ಆ ಎರಡು ಗಂಟೆಯಲ್ಲಿ ಸಿಗುವುದು ಯಾವ ನೋಟ್ಸ್‌ನಲ್ಲೂ ಸಿಗುವುದಿಲ್ಲ. ಇಲ್ಲಿದ್ದ ಮಾತು ಅಲ್ಲೇಕೆ ಇಲ್ಲ, ಅಲ್ಲಿ ಬಂದ ದೃಶ್ಯ ಇಲ್ಲೇಕೆ ಇಲ್ಲ ಎಂದು ಕೇಳತೊಡಗಿದಾಗಲೇ ನಾಟಕದ ಓದು ಶುರುವಾಗುತ್ತದೆ.

ಈ ಪ್ರಶ್ನೆ ಕೇಳಿ ನೋಡಲು ಕನ್ನಡಿಗರಿಗೆ ‘ಮೃಚ್ಛಕಟಿಕ’ದಷ್ಟು ಒಳ್ಳೆಯ ಉದಾಹರಣೆ ಇನ್ನೊಂದಿಲ್ಲ. ಶೂದ್ರಕನ ಈ ಸಂಸ್ಕೃತ ನಾಟಕಕ್ಕೆ ಹತ್ತು ಅಂಕಗಳು. ಬಡವನಾದ ಚಾರುದತ್ತ, ಗಣಿಕೆ ವಸಂತಸೇನೆ, ಅವಳ ಬೆನ್ನು ಹತ್ತಿದ ರಾಜನ ಭಾವಮೈದುನ, ಇವರ ನಡುವೆ ಒಬ್ಬ ಕಳ್ಳ, ಜೂಜುಕೋರರು, ಭಿಕ್ಷು, ಚಂಡಾಲರು, ಜೊತೆಗೊಂದು ರಾಜ್ಯಕ್ರಾಂತಿ. 1931ರಲ್ಲಿ ಮೋಹನ್ ಭವನಾನಿ ಇದನ್ನು ‘ವಸಂತಸೇನಾ’ ಎಂಬ ಮೂಕಿಚಿತ್ರವಾಗಿ ಮಾಡಿದರು. ಏಣಾಕ್ಷಿ ರಾಮರಾವ್ ಅದರಲ್ಲಿ ನಟಿಸಿದ್ದರು. ಮಂಗಳೂರಿನಲ್ಲಿ ಹುಟ್ಟಿದ ಸ್ವಾತಂತ್ರ್ಯ ಹೋರಾಟಗಾರ್ತಿ ಕಮಲಾದೇವಿ ಚಟ್ಟೋಪಾಧ್ಯಾಯರೂ ಬಣ್ಣ ಹಚ್ಚಿದ್ದರು. ಮಾನವಂತರ ಮನೆಯ ಹೆಣ್ಣುಮಕ್ಕಳು ಕ್ಯಾಮೆರಾದ ಮುಂದೆ ನಿಲ್ಲಲು ಅಂಜುತ್ತಿದ್ದ ಕಾಲ ಅದು. ಹತ್ತು ವರ್ಷದ ನಂತರ, 1941ರಲ್ಲಿ, ಅದೇ ಕಥೆ ಕನ್ನಡದಲ್ಲಿ ಮಾತಾಡಿತು. ಆ ‘ವಸಂತಸೇನಾ’ದಲ್ಲಿ ಆರ್. ನಾಗೇಂದ್ರರಾಯರು, ಎಂ.ವಿ. ಸುಬ್ಬಯ್ಯ ನಾಯ್ಡು ಇದ್ದರು, ಇಬ್ಬರೂ ನಾಟಕ ಕಂಪನಿಯಲ್ಲಿ ಪಳಗಿದವರು. ಮುಂದೆ 1984ರಲ್ಲಿ ಗಿರೀಶ ಕಾರ್ನಾಡರು ಹಿಂದಿಯಲ್ಲಿ ‘ಉತ್ಸವ್’ ನಿರ್ದೇಶಿಸಿದರು. ವಸಂತಸೇನೆಯಾಗಿ ರೇಖಾ, ರಾಜನ ದುಷ್ಟ ಭಾವಮೈದುನ ಸಂಸ್ಥಾನಕನಾಗಿ ಶಶಿ ಕಪೂರ್, ಕಳ್ಳನಾಗಿ ನಮ್ಮ ಶಂಕರ್ ನಾಗ್.

ಕಳ್ಳನ ಪ್ರಸಂಗವೊಂದನ್ನೇ ನೋಡಬೇಕು. ನಾಟಕದಲ್ಲಿ ಶರ್ವಿಲಕ ಗೋಡೆಗೆ ಕನ್ನ ಹಾಕುವ ಮುನ್ನ ಕಳ್ಳತನದ ಶಾಸ್ತ್ರವನ್ನೇ ಬಿಚ್ಚಿಡುತ್ತಾನೆ. ಕನ್ನ ಯಾವ ಆಕಾರದಲ್ಲಿದ್ದರೆ ಚೆನ್ನ ಎಂದು ಚಿಂತಿಸುತ್ತಾನೆ. ಅಳತೆಯ ದಾರ ಮರೆತು ಬಂದದ್ದು ನೆನಪಾಗಿ ಹೆಗಲ ಮೇಲಿನ ಜನಿವಾರದಿಂದಲೇ ಅಳೆಯುತ್ತಾನೆ! ರಂಗದ ಮೇಲೆ ಗೋಡೆಯೇ ಬೇಕಿಲ್ಲ. ನಟನ ಮಾತು, ಬೆರಳು, ಒಂದೆಳೆ ದಾರ ಸಾಕು, ಗೋಡೆ ನಮ್ಮ ಕಣ್ಣಲ್ಲಿ ಎದ್ದು ನಿಲ್ಲುತ್ತದೆ. ಸಿನಿಮಾಕ್ಕೆ ನಿಜವಾದ ಗೋಡೆ ಬೇಕು, ಇಟ್ಟಿಗೆ ಕೀಳಬೇಕು, ಮಣ್ಣು ಉದುರಬೇಕು. ಮೂಕಿಚಿತ್ರಕ್ಕಂತೂ ಮಾತಿನ ಆಸರೆಯೇ ಇರಲಿಲ್ಲ. ಒಂದೇ ಪ್ರಸಂಗ ಮಾಧ್ಯಮ ಬದಲಾದಂತೆ ಎಷ್ಟು ಬೇರೆಯಾಗಬೇಕಾಗುತ್ತದೆ ಎನ್ನುವುದನ್ನು ಇಷ್ಟು ಸ್ಪಷ್ಟವಾಗಿ ತೋರಿಸುವ ದೃಶ್ಯ ಅಪರೂಪ.

ಕಾರ್ನಾಡರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಮೂಲದಲ್ಲಿ ಇಲ್ಲದ, ‘ಕಾಮಸೂತ್ರ’ದ ವಾತ್ಸ್ಯಾಯನನನ್ನು ಪಾತ್ರವಾಗಿ ತಂದರು. ಅಮ್ಜದ್ ಖಾನ್ ಆ ಪಾತ್ರ ಮಾಡಿದರು. ನಾಟಕ ಚಾರುದತ್ತ, ವಸಂತಸೇನೆಯರನ್ನು ಒಂದುಗೂಡಿಸಿ ಮುಗಿಯುತ್ತದೆ. ಚಿತ್ರದಲ್ಲಿ ಚಾರುದತ್ತ ಹೆಂಡತಿಯ ಬಳಿಗೆ ಮರಳುತ್ತಾನೆ, ವಸಂತಸೇನೆ ತನ್ನ ಮನೆಗೆ. ಪರೀಕ್ಷೆಯಲ್ಲಿ ಸಿನಿಮಾ ನೆನೆದು ಉತ್ತರ ಬರೆದವರಿಗೆ ಅಂಕ ಹೋಗುವುದು ಖಂಡಿತ. ಎರಡನ್ನೂ ಬಲ್ಲವರು ಮಾತ್ರ ಮುಂದಿನ ಪ್ರಶ್ನೆ ಕೇಳಬಲ್ಲರು: ಶೂದ್ರಕನಿಗೆ ಸಾಧ್ಯವೆನಿಸಿದ ಮದುವೆ ಇಪ್ಪತ್ತನೆಯ ಶತಮಾನದ ನಿರ್ದೇಶಕನಿಗೆ ಯಾಕೆ ನಂಬಲಾಗದ್ದೆನಿಸಿತು?

ಶೇಕ್ಸ್‌ಪಿಯರ್ ವಿಷಯದಲ್ಲಿ ಈ ಪ್ರಶ್ನೆ ಮತ್ತಷ್ಟು ತೀಕ್ಷ್ಣವಾಗುತ್ತದೆ. 1989ರ ‘ನಂಜುಂಡಿ ಕಲ್ಯಾಣ’ವನ್ನು ನೋಡಿ ನಕ್ಕವರಲ್ಲಿ ಎಷ್ಟೋ ಜನಕ್ಕೆ ಅದು ಶೇಕ್ಸ್‌ಪಿಯರ್‌ನ ಮನೆಯಿಂದ ಬಂದ ಕಥೆ ಎಂದು ಗೊತ್ತಿಲ್ಲ. ‘ದಿ ಟೇಮಿಂಗ್ ಆಫ್ ದಿ ಶ್ರೂ’ ನಾಟಕವನ್ನು ಪರ್ವತವಾಣಿ ‘ಬಹದ್ದೂರ್ ಗಂಡ’ ಎಂದು ಕನ್ನಡಕ್ಕೆ ತಂದರು. ಅದನ್ನೇ ಆಧರಿಸಿ ಎಂ.ಎಸ್. ರಾಜಶೇಖರ್ ಚಿತ್ರ ಮಾಡಿದರು. ಗಯ್ಯಾಳಿ ಹೆಣ್ಣನ್ನು ಗಂಡ ಪಳಗಿಸುವ ಈ ಕಥೆ ಇಂದಿನ ತರಗತಿಯಲ್ಲಿ ಹುಡುಗಿಯರಿಗೆ ಮುಜುಗರ ತರುತ್ತದೆ, ತರಲೇಬೇಕು. ಆದರೂ ಪರದೆಯ ಮೇಲೆ ಒಂದು ಸೋಜಿಗ ನಡೆದಿದೆ. ಪಳಗಬೇಕಾದ ಹೆಣ್ಣಿನ ಪಾತ್ರದಲ್ಲಿ ಬಂದ ಮಾಲಾಶ್ರೀ ಆ ಚಿತ್ರದಿಂದಲೇ ಕನ್ನಡದ ದೊಡ್ಡ ತಾರೆಯಾದರು. ಕಥೆ ಅವಳನ್ನು ಬಗ್ಗಿಸಿದರೂ ಪ್ರೇಕ್ಷಕರು ಮನೆಗೆ ಕೊಂಡೊಯ್ದದ್ದು ಅವಳ ಬಗ್ಗದ ಗತ್ತನ್ನು. ಪುಸ್ತಕ ಮಾತ್ರ ಓದಿದವರಿಗೆ ಇದು ಕಾಣಲಾರದು; ನಟಿಯೊಬ್ಬಳು ನಾಟಕಕಾರನ ತೀರ್ಮಾನವನ್ನು ಹೇಗೆ ಮೀರಬಲ್ಲಳೆಂಬುದು ನೋಡಿದವರಿಗಷ್ಟೇ ತಿಳಿಯುತ್ತದೆ. ‘ದಿ ಕಾಮಿಡಿ ಆಫ್ ಎರರ್ಸ್’ ಕೂಡ 1997ರಲ್ಲಿ ಎನ್.ಎಸ್. ಶಂಕರ್ ಅವರ ‘ಉಲ್ಟಾ ಪಲ್ಟಾ’ ಆಯಿತು.

ಫ್ರಾನ್ಸಿನ ಮೋಲಿಯೇರ್ ಇದೇ ದಾರಿಯಲ್ಲಿ ಇನ್ನೂ ಮೊದಲೇ ಬಂದಿದ್ದ. ಧರ್ಮದ ವೇಷ ತೊಟ್ಟ ಕಪಟಿಯೊಬ್ಬ ಗೃಹಸ್ಥನ ಮನೆ ಹೊಕ್ಕು ಮನೆಯನ್ನೇ ನುಂಗಲು ಹವಣಿಸುವ ‘ತಾರ್ತೂಫ್’ 1664ರಲ್ಲಿ ರಂಗಕ್ಕೇರಿದ ಕೂಡಲೇ ನಿಷೇಧಕ್ಕೊಳಗಾಯಿತು. ಐದು ವರ್ಷ ಕಾದ ಮೇಲೆ, 1669ರಲ್ಲಿ, ಬಹಿರಂಗ ಪ್ರದರ್ಶನಕ್ಕೆ ಅನುಮತಿ ಸಿಕ್ಕಿತು. ಎ.ಎನ್. ಮೂರ್ತಿರಾಯರು ಅದನ್ನು ‘ಆಷಾಢಭೂತಿ’ ಮಾಡಿದರು. 1966ರಲ್ಲಿ ಎಂ.ವಿ. ಕೃಷ್ಣಸ್ವಾಮಿ ಅದರಿಂದ ‘ಸುಬ್ಬಾಶಾಸ್ತ್ರಿ’ ಚಿತ್ರ ತೆಗೆದರು. ಪ್ಯಾರಿಸ್ಸಿನ ಕಪಟಿ ಕನ್ನಡದ ಶಾಸ್ತ್ರಿಯಾಗುವಾಗ ಊರು, ಉಡುಪು, ಮಾತು ಎಲ್ಲ ಬದಲಾದವು. ಮೋಸ ಹೋಗುವ ಯಜಮಾನನ ಭಕ್ತಿ ಮಾತ್ರ ಬದಲಾಗಲಿಲ್ಲ.

ಮಾತೇ ಪ್ರಾಣವಾದ ನಾಟಕದಿಂದ ಮಾತನ್ನೇ ತೆಗೆದರೆ ಏನು ಉಳಿಯುತ್ತದೆ? ಜಪಾನಿನ ಅಕಿರಾ ಕುರೊಸಾವಾ 1957ರಲ್ಲಿ ‘ಮ್ಯಾಕ್‌ಬೆತ್’ ಅನ್ನು ‘ಥ್ರೋನ್ ಆಫ್ ಬ್ಲಡ್’ ಮಾಡಿದಾಗ ಶೇಕ್ಸ್‌ಪಿಯರ್‌ನ ಸಾಲುಗಳನ್ನು ಕೈಬಿಟ್ಟು, ಅಲ್ಲಿನ ‘ನೋ’ ರಂಗಭೂಮಿಯ ಮುಖಭಾವ, ಮಂಜು, ಬಾಣಗಳ ಮಳೆ ಇವುಗಳಿಂದಲೇ ಆ ಭೀತಿಯನ್ನು ಕಟ್ಟಿದರು. ಲಾರೆನ್ಸ್ ಒಲಿವಿಯೆ 1948ರ ‘ಹ್ಯಾಮ್ಲೆಟ್’ನಲ್ಲಿ ಕೆಲವು ಪಾತ್ರಗಳನ್ನು ಪೂರಾ ತೆಗೆದುಹಾಕಿದರು, ಕೆನೆತ್ ಬ್ರಾನಾ 1996ರಲ್ಲಿ ಪೂರ್ಣ ಪಠ್ಯವನ್ನೇ ಇಟ್ಟುಕೊಂಡು ನಾಲ್ಕು ಗಂಟೆಯ ಚಿತ್ರ ಮಾಡಿದರು. ವಿಶಾಲ್ ಭಾರದ್ವಾಜ್ ಅವರ ‘ಹೈದರ್’ (2014) ಅದೇ ರಾಜಕುಮಾರನನ್ನು ತೊಂಬತ್ತರ ದಶಕದ ಕಾಶ್ಮೀರಕ್ಕೆ ಕರೆದೊಯ್ದು, ಅವನ ಒಳಗಿನ ತಳಮಳವನ್ನು ಶ್ರೀನಗರದ ಲಾಲ್ ಚೌಕದಲ್ಲಿ ಜನರ ಮುಂದೆ ಬಯಲು ಮಾಡಿತು. ಮೂಲಕ್ಕೆ ನಿಷ್ಠೆಯಿಂದ ಇರುವುದೇ ಗುಣವಾಗಿದ್ದರೆ ಬ್ರಾನಾ ಗೆಲ್ಲಬೇಕು. ಮನಸ್ಸಿನಲ್ಲಿ ಉಳಿಯುವುದು ಮಾತ್ರ ಕುರೊಸಾವಾ ಮತ್ತು ಭಾರದ್ವಾಜ್. ನಾಟಕಕ್ಕೆ ಹೊಸ ನೆಲ ಹುಡುಕಿಕೊಟ್ಟವರು ಅವರು.

ಹಾಗೆ ನೆಲ ಹುಡುಕಿದ ಇನ್ನೊಬ್ಬರ ಬೇರು ಸೋಲದೇವನಹಳ್ಳಿಗೆ ಹತ್ತಿರದ್ದು. ಇದೇ ರಸ್ತೆಯಲ್ಲಿ ಮುಂದೆ ಹೋದರೆ ಹೆಸರಘಟ್ಟ, ಅಲ್ಲಿ ಸರ್ಕಾರಿ ಚಲನಚಿತ್ರ ಮತ್ತು ದೂರದರ್ಶನ ಸಂಸ್ಥೆ. ಬೆಂಗಳೂರಿನ ಎಸ್.ಜೆ. ಪಾಲಿಟೆಕ್ನಿಕ್‌ನಲ್ಲಿದ್ದ ಛಾಯಾಗ್ರಹಣ ಶಿಕ್ಷಣದ ಮುಂದುವರಿಕೆ ಅದು. ಗುರುದತ್ ಚಿತ್ರಗಳ ಛಾಯಾಗ್ರಾಹಕ ವಿ.ಕೆ. ಮೂರ್ತಿ, ನಿರ್ದೇಶಕ ಗೋವಿಂದ ನಿಹಲಾನಿ ಇಬ್ಬರೂ ಎಸ್.ಜೆ. ಪಾಲಿಟೆಕ್ನಿಕ್‌ನಲ್ಲಿ ಕಲಿತವರು. ನಿಹಲಾನಿ 1991ರಲ್ಲಿ ಸ್ಪೇನಿನ ಲೋರ್ಕಾನ ‘ದಿ ಹೌಸ್ ಆಫ್ ಬರ್ನಾರ್ಡಾ ಆಲ್ಬಾ’ ನಾಟಕವನ್ನು ‘ರುಕ್ಮಾವತಿ ಕಿ ಹವೇಲಿ’ಯಾಗಿ ರಾಜಸ್ಥಾನಕ್ಕೆ ತಂದರು. ಗಂಡು ಪಾತ್ರವೇ ರಂಗಕ್ಕೆ ಬಾರದ, ತಾಯಿ ಮತ್ತು ಹೆಣ್ಣುಮಕ್ಕಳು ಮನೆಯೊಳಗೆ ಬಂಧಿಗಳಾಗುವ ನಾಟಕ ಅದು. ಇಬ್ಸೆನ್, ಸ್ಟ್ರಿಂಡ್‌ಬರ್ಗ್ ನಾಟಕಗಳನ್ನೂ ಅವರು ಪರದೆಗೆ ತಂದಿದ್ದಾರೆ. ಈ ಚಿತ್ರಗಳಿಗೆ ಸಿಗಬೇಕಾದ ಪ್ರೇಕ್ಷಕರು ಸಿಗಲಿಲ್ಲ. ಕಾಲೇಜುಗಳಲ್ಲಿ ತೋರಿಸಬೇಕಾದ ಚಿತ್ರಗಳಲ್ಲಿ ಇವು ಮೊದಲಿನ ಸಾಲಿನವು.

ನಾಟಕ ಪರದೆಗೆ ಬರುವುದು ನಮಗೆ ಹೊಸತೇನಲ್ಲ; ಕನ್ನಡ ಸಿನಿಮಾ ಹುಟ್ಟಿದ್ದೇ ನಾಟಕ ಕಂಪನಿಗಳ ಮಡಿಲಲ್ಲಿ. ಬೆಳ್ಳಾವೆ ನರಹರಿಶಾಸ್ತ್ರಿಗಳ ‘ಸದಾರಮೆ’ 1935ರಲ್ಲಿ ಚಿತ್ರವಾಯಿತು. ಎಚ್.ಎಲ್.ಎನ್. ಸಿಂಹ ತಮ್ಮ ನಾಟಕ ‘ಸಂಸಾರ ನೌಕೆ’ಯನ್ನು 1936ರಲ್ಲಿ ತಾವೇ ಚಿತ್ರ ಮಾಡಿದರು. 1954ರಲ್ಲಿ ಅವರೇ ನಿರ್ದೇಶಿಸಿದ ‘ಬೇಡರ ಕಣ್ಣಪ್ಪ’ದಲ್ಲಿ ಗುಬ್ಬಿ ನಾಟಕ ಕಂಪನಿಯ ನಟರೊಬ್ಬರು ರಾಜ್‌ಕುಮಾರ್ ಆಗಿ ಹೊರಬಂದರು. ಸೋಲದೇವನಹಳ್ಳಿ ಎಂದೊಡನೆ ಚಿತ್ರಪ್ರಿಯರಿಗೆ ನೆನಪಾಗುವ ನಟಿ ಲೀಲಾವತಿಯವರದೂ ಇದೇ ದಾರಿ. ಮಹಾಲಿಂಗ ಭಾಗವತರ ಶ್ರೀ ಸಾಹಿತ್ಯ ಸಾಮ್ರಾಜ್ಯ ನಾಟಕ ಕಂಪನಿಯಿಂದ ಬಂದ ಅವರು ಕಡೆಯ ದಿನಗಳನ್ನು ಕಳೆದದ್ದು ನೆಲಮಂಗಲ ತಾಲ್ಲೂಕಿನ, ಇದೇ ಹೆಸರಿನ ಇನ್ನೊಂದು ಊರಿನಲ್ಲಿ. ತೀರಿಕೊಂಡದ್ದು 2023ರ ಡಿಸೆಂಬರ್ 8ರಂದು.

ಇಂದಿನ ವಿದ್ಯಾರ್ಥಿಗೆ ಸುಲಭವಾಗಿ ದಕ್ಕುವ ಜೋಡಿ ‘ನಾಗಮಂಡಲ’. ಎ.ಕೆ. ರಾಮಾನುಜನ್ ಅವರಿಂದ ಕೇಳಿದ ಜನಪದ ಕಥೆಗಳಿಂದ ಕಾರ್ನಾಡರು ಹೆಣೆದ ನಾಟಕ, ಟಿ.ಎಸ್. ನಾಗಾಭರಣ 1997ರಲ್ಲಿ ತೆಗೆದ ಚಿತ್ರ. ನಾಟಕದಲ್ಲಿ ಊರ ದೀಪಗಳ ಜ್ವಾಲೆಗಳು ರಾತ್ರಿ ಹಾಳುಗುಡಿಗೆ ಬಂದು ಹರಟುತ್ತವೆ, ಕಥೆಯೇ ಹೆಣ್ಣಾಗಿ ಬಂದು ಕೂರುತ್ತದೆ. ರಂಗದ ಮೇಲೆ ಹಾವು ಗಂಡನಾಗುವುದನ್ನು ನಂಬಲು ನಟನ ಒಂದು ತಿರುವು ಸಾಕು. ಎರಡೂ ಪಾತ್ರ ಮಾಡಿದ ಪ್ರಕಾಶ್ ರೈ ಅವರ ಮುಖವನ್ನು ಹತ್ತಿರದಿಂದ ಹಿಡಿಯುವ ಕ್ಯಾಮೆರಾ ಗಂಡ ಮತ್ತು ನಾಗನ ನಡುವಿನ ವ್ಯತ್ಯಾಸವನ್ನು ಕಣ್ಣಲ್ಲೇ ತೋರಿಸಬೇಕು. ಬಂದವನು ಗಂಡನಲ್ಲ, ನಾಗ ಎಂದು ಹೆಂಡತಿ ರಾಣಿಗೆ ನಿಜಕ್ಕೂ ಗೊತ್ತಿತ್ತೇ ಎಂಬ ಅನುಮಾನ ನಾಟಕ ಓದುವಾಗ ಒಂದು ಬಗೆ, ಆ ಪಾತ್ರದಲ್ಲಿ ವಿಜಯಲಕ್ಷ್ಮಿಯವರ ಮುಖ ನೋಡುವಾಗ ಇನ್ನೊಂದು ಬಗೆ. ಸಿ. ಅಶ್ವಥ್ ಸಂಗೀತದ, ಗೋಪಾಲ ವಾಜಪೇಯಿ ಬರೆದ ಹಾಡುಗಳು ಪುಸ್ತಕ ಹೇಳದ ಎಷ್ಟನ್ನೋ ಹೇಳುತ್ತವೆ.

ಅಧ್ಯಾಪಕರಲ್ಲಿ ಒಂದು ಕೋರಿಕೆ. ಸಿನಿಮಾ ನೋಡಬೇಡಿ ಎಂದು ಹೇಳುವ ಬದಲು ತರಗತಿಯಲ್ಲಿ ಒಂದು ಅಂಕವನ್ನು ಪಾತ್ರ ಹಂಚಿ ಗಟ್ಟಿಯಾಗಿ ಓದಿಸಿ. ಮಾರನೆಯ ದಿನ ಅದೇ ಭಾಗದ ಚಿತ್ರ ತೋರಿಸಿ, ಬಿಟ್ಟದ್ದೇನು ಸೇರಿಸಿದ್ದೇನು ಎಂದು ಒಂದು ಪುಟ ಬರೆಸಿ. ‘ನಾಗಮಂಡಲ’ದಿಂದ ಶುರು ಮಾಡಿ, ಅಲ್ಲಿಂದ ‘ಆಷಾಢಭೂತಿ’ಗೆ ಬನ್ನಿ. ಒಂದು ಪ್ರೊಜೆಕ್ಟರ್, ನಾಲ್ಕು ಪೀರಿಯಡ್, ಇಷ್ಟಿದ್ದರೆ ಈ ಸೆಮಿಸ್ಟರಿನಲ್ಲೇ ಮಾಡಬಹುದು.