ಅಂಡಮಾನಿಗೆ ಹೋಗುವವರ ದಿನದ ಖರ್ಚು

ಅಡಿಕೆ ಕೊಯ್ಲು ಮುಗಿದು ಕೈಯಲ್ಲಿ ನಾಲ್ಕು ಕಾಸು ಆಡುವಾಗ ಸಮುದ್ರ ನೋಡಿ ಬರೋಣವೆಂಬ ಆಸೆ ನಮ್ಮ ಹಂಸಭಾವಿ ಸೀಮೆಯ ಮನೆಗಳಲ್ಲಿಯೂ ಈಗ ಏಳುತ್ತಿದೆ. ಕಳೆದ ಫೆಬ್ರುವರಿಯಲ್ಲಿ ನಾವು ಮೂರು ಮನೆಯವರು, ಗಂಡ-ಹೆಂಡಿರು ಸೇರಿ, ಅಂಡಮಾನಿಗೆ ಹೋಗಿ ಬಂದೆವು. ಸದಸ್ಯ ಬಾಂಧವರಿಗೆ ಉಪಯೋಗವಾದೀತೆಂದು ನಮ್ಮ ಲೆಕ್ಕವನ್ನು ಇಲ್ಲಿ ಕೊಟ್ಟಿದ್ದೇವೆ.

ಚೆನ್ನೈಯಿಂದ ಹಡಗಿನಲ್ಲಿ ಹೋದರೆ ಅಗ್ಗವೆಂದು ಮೊದಲು ಯೋಚಿಸಿದೆವು. ಆದರೆ ಹಡಗಿಗೆ ಒಂದು ಕಡೆಗೇ ಸುಮಾರು ಮೂರು ದಿನ ಬೇಕು. ಹೋಗಿ ಬರುವ ಆರು ದಿನ ತೋಟಕ್ಕೆ ನೀರು ಹಾಯಿಸುವವರು ಯಾರು? ತ್ರೀ ಫೇಸ್ ಕರೆಂಟು ನಡುರಾತ್ರಿ ಬಂದರೂ ಎದ್ದು ಮೋಟಾರು ಹಾಕಬೇಕಲ್ಲ. ಆ ಆಳಿನ ಕೂಲಿಯನ್ನೂ ಪ್ರವಾಸದ ಖರ್ಚಿಗೇ ಸೇರಿಸಬೇಕು. ಹಾಗೆ ಲೆಕ್ಕ ಹಾಕಿ ಬೆಂಗಳೂರಿನಿಂದ ವಿಮಾನವೇ ಸರಿಯೆಂದು ತೀರ್ಮಾನಿಸಿದೆವು. ಹಾವೇರಿ, ಬೆಂಗಳೂರಿಗೆ ಹೋಗುವ ಸಾಮಾನ್ಯ ಬಸ್ಸುಗಳಲ್ಲಿ 2023ರಿಂದ ಹೆಣ್ಣುಮಕ್ಕಳಿಗೆ ಟಿಕೇಟಿಲ್ಲ. ಐಷಾರಾಮಿ ಬಸ್ಸಿಗೆ ಮಾತ್ರ ಹಣ ಕೊಡಬೇಕು.

ವಿಮಾನದ ಹಣ ಬಿಟ್ಟು ಒಂದು ಜೋಡಿಗೆ ನಾವು ಹಾಕಿಕೊಂಡಿದ್ದ ಅಂದಾಜು ಹೀಗಿತ್ತು. ದಿನಕ್ಕೆ ಕೋಣೆಗೆ 1,800, ಊಟ-ಚಹಕ್ಕೆ 1,000, ಆಟೋ, ಬಸ್ಸು ಮತ್ತು ಪ್ರವೇಶಕ್ಕೆ 500, ಒಟ್ಟು 3,300 ರೂಪಾಯಿ. ಆರು ದಿನಕ್ಕೆ 19,800. ದ್ವೀಪದಿಂದ ದ್ವೀಪಕ್ಕೆ ದೋಣಿಗೆ 6,000. ತೋಟದ ಆಳಿಗೆ ಎಂಟು ದಿನಕ್ಕೆ 4,800. ಅನಿರೀಕ್ಷಿತಕ್ಕೆಂದು ಒಂದು ದಿನದ 3,300. ಎಲ್ಲ ಸೇರಿ 33,900.

ತಪ್ಪಿದ್ದು ಕೋಣೆಯಲ್ಲಿ. ಊರಿಂದಲೇ ಫೋನಿನಲ್ಲಿ ಅಗ್ಗದ ಕೋಣೆ ಹಿಡಿದೆವು. ಹೋಗಿ ನೋಡಿದರೆ ಜೆಟ್ಟಿಯಿಂದ ಬಹುದೂರ. ಕೋಣೆಯಲ್ಲಿ ಉಳಿಸಿದ್ದನ್ನು ಆಟೋಗೆ ಸುರಿದೆವು. ಮೇಲೆ ಗಾಳಿಯೆದ್ದು ಒಂದು ದಿನ ದೋಣಿ ಬಿಡಲಿಲ್ಲ, ಸ್ವರಾಜ್ ದ್ವೀಪದಲ್ಲಿ (2018ರವರೆಗೆ ಹ್ಯಾವ್‌ಲಾಕ್) ಇನ್ನೊಂದು ರಾತ್ರಿ. ಅನಿರೀಕ್ಷಿತದ ಹಣ ಅಲ್ಲಿಗೆ ಮುಗಿಯಿತು. ನಮ್ಮಲ್ಲೊಬ್ಬರು ಸಂಘದ ಬೆಳೆ ಸಾಲಕ್ಕೆ ತೆಗೆದಿಟ್ಟಿದ್ದ ಹಣಕ್ಕೆ ಕೈಹಾಕಿದರು. ಗಡುವು ಮೀರಿದರೆ ಶೂನ್ಯ ಬಡ್ಡಿಯ ಸೌಲಭ್ಯ ತಪ್ಪುತ್ತದೆ. ಹೀಗಾಗಿ ಊರಿಗೆ ಬಂದವರೇ, ದರ ಇಳಿದಿದ್ದ ವಾರದಲ್ಲಿ ಎರಡು ಚೀಲ ರಾಶಿ ಅಡಿಕೆ ಮಾರಿದರು. ಅವರ ಪ್ರವಾಸದ ನಿಜವಾದ ಬೆಲೆ ಅದನ್ನೂ ಸೇರಿಸಿದಾಗಲೇ ತಿಳಿಯುವುದು. ಅನಿರೀಕ್ಷಿತಕ್ಕೆ ಎರಡು ದಿನದ ಹಣವನ್ನಾದರೂ ಇಡಬೇಕಿತ್ತು.

ಸರ್ಕಾರಿ ದೋಣಿಯ ದರ ಖಾಸಗಿಯದಕ್ಕಿಂತ ಬಹಳ ಕಡಿಮೆ, ಆದರೆ ಟಿಕೇಟು ಸಿಗುವುದು ಕಷ್ಟ. ಸಿಕ್ಕರೆ ಲಾಭವೆಂದು ತಿಳಿದು, ಲೆಕ್ಕವನ್ನು ಖಾಸಗಿ ದರದಲ್ಲಿಯೇ ಹಾಕಿಕೊಳ್ಳುವುದು ಲೇಸು. ಸಣ್ಣ ದ್ವೀಪಗಳಲ್ಲಿ ಫೋನಿನ ಸಂಪರ್ಕ ಆಗಾಗ ಕಡಿಯುವುದರಿಂದ ನಗದು ಕೈಯಲ್ಲಿರಲಿ. ಅಲ್ಲಿ ಹೊತ್ತು ಬೇಗ ಮುಳುಗುತ್ತದೆ, ಡಿಸೆಂಬರಿನಲ್ಲಂತೂ ಸಂಜೆ ಐದಕ್ಕೇ. ಬೆಳಿಗ್ಗೆ ತಡವಾಗಿ ಎದ್ದವರಿಗೆ ಅರ್ಧ ದಿನದ ಬಾಡಿಗೆ ದಂಡ!

ಉಳಿತಾಯ ಮಾಡಿಸಿದವರು ಹೆಣ್ಣುಮಕ್ಕಳು. ಅವರು ಕಟ್ಟಿಕೊಂಡು ಬಂದ ಖಡಕ್ ರೊಟ್ಟಿ, ಶೇಂಗಾ ಚಟ್ನಿಯಲ್ಲಿ ನಾಲ್ಕು ದಿನದ ನಾಷ್ಟಾ ನಡೆಯಿತು. ನಾವು ಗಂಡಸರು ಮೊದಲು ನಾಚಿಕೊಂಡೆವು, ಆಮೇಲೆ ಕೇಳಿ ಕೇಳಿ ತಿಂದೆವು.

1906ರಲ್ಲಿ ಕಟ್ಟಿ ಮುಗಿದ ಸೆಲ್ಯುಲಾರ್ ಜೈಲು ಶ್ರೀ ವಿಜಯಪುರದಲ್ಲಿದೆ. 2024ರವರೆಗೆ ಆ ಊರು ಪೋರ್ಟ್ ಬ್ಲೇರ್. ಅದನ್ನು ನೋಡಲು ಒಂದು ಪೂರ್ತಿ ಹೊತ್ತು ಇಡಿ. ಅಲ್ಲಿಯೂ ಅಡಿಕೆ, ತೆಂಗು ಮುಖ್ಯ ತೋಟದ ಬೆಳೆಗಳು. ದಾರಿ ಬದಿಯ ತೋಟವೊಂದರಲ್ಲಿ ಕಾಸು ಖರ್ಚಿಲ್ಲದೆ ಒಂದು ತಾಸು ಕಳೆದೆವು. ತೋಟದವರು ನಮ್ಮನ್ನು ಮೊದಲು ಕೇಳಿದ್ದೂ ದರವನ್ನೇ.

ದಿನದಿನದ ಖರ್ಚು ಬರೆದ ಪುಸ್ತಕ ನಮ್ಮಲ್ಲಿದೆ. ಮುಂದಿನ ಸುಗ್ಗಿ ಮುಗಿಸಿ ಹೊರಡುವವರು ಬಂದು ನೋಡಬಹುದು.