ನಿಮಗಿದು ಗೊತ್ತೇ? ಫೈಲಿನ ಬಣ್ಣ, ಏಲಕ್ಕಿಯ ಬಣ್ಣ

ಕಪ್ಪು ಪರದೆಯ ಮೇಲೆ ಓದಲು ತೀರಾ ಕಷ್ಟವಾದ ಬಣ್ಣ ನೀಲಿ. ಲಿನಕ್ಸ್‌ನಲ್ಲಿ ಫೈಲುಗಳ ಪಟ್ಟಿ ತೋರಿಸುವ ‘ಎಲ್‌ಎಸ್’ ಆಜ್ಞೆ ಫೋಲ್ಡರುಗಳಿಗೆ ಕೊಟ್ಟಿರುವುದೂ ಅದನ್ನೇ!

ಕಾರಣ ಲೆಕ್ಕದಲ್ಲಿದೆ. ಪರದೆಯ ಬಿಳಿಯ ಹೊಳಪು 100 ಎಂದುಕೊಂಡರೆ ಅದರಲ್ಲಿ ಹಸಿರಿನ ಪಾಲು ಸುಮಾರು 72, ಕೆಂಪಿನದು 21, ನೀಲಿಯದು ಬರೀ 7. ಅಚ್ಚ ಹಸಿರು ಅಕ್ಷರಕ್ಕೂ ಕಪ್ಪು ಹಿನ್ನೆಲೆಗೂ ಇರುವ ಹೊಳಪಿನ ಅಂತರ 15:1 ದಾಟುತ್ತದೆ. ಅಚ್ಚ ನೀಲಿಯದು 2.44:1. ವೆಬ್ ಮಾನದಂಡಗಳು ಸಾಮಾನ್ಯ ಅಕ್ಷರಕ್ಕೆ ಕೇಳುವುದು ಕನಿಷ್ಠ 4.5:1. ವಿಂಡೋಸ್ ಕನ್ಸೋಲಿನ ಕಡುನೀಲಿಯನ್ನು ಮೈಕ್ರೋಸಾಫ್ಟ್ ತಿಳಿಗೊಳಿಸಿದ್ದು 2017ರಲ್ಲಿ. ಅಷ್ಟು ವರ್ಷ ಜನ ಕಣ್ಣು ಕಿರಿದು ಮಾಡಿಕೊಂಡೇ ಓದಿದರು.

ಪಟ್ಟಿಯಲ್ಲಿ ಓಡಿಸಬಲ್ಲ ಪ್ರೋಗ್ರಾಮು ಹಸಿರು, ಜಿಪ್‌ನಂಥ ಕಟ್ಟು ಫೈಲು ಕೆಂಪು. ಐರೋಪ್ಯ ಮೂಲದ ಗಂಡಸರಲ್ಲಿ ಸುಮಾರು 12ಕ್ಕೆ ಒಬ್ಬರಿಗೆ ಸರಿಯಾಗಿ ಬೇರೆಯಾಗಿ ಕಾಣದ ಜೋಡಿಯೂ ಇದೇ. ಇದಕ್ಕೆ ಮದ್ದು ಎಲ್‌ಎಸ್‌ನಲ್ಲೇ ಇದೆ, ಬಳಸುವವರು ಕಡಿಮೆ: ದೊಡ್ಡಕ್ಷರದ ‘ಎಫ್’ ಸೇರಿಸಿದರೆ ಫೋಲ್ಡರಿನ ಹೆಸರಿನ ಕೊನೆಗೆ ಓರೆಗೆರೆ, ಪ್ರೋಗ್ರಾಮಿಗೆ ನಕ್ಷತ್ರ, ಕೊಂಡಿಗೆ @ ಬಂದು ಕೂರುತ್ತದೆ.

ಬಣ್ಣವೊಂದನ್ನೇ ನಂಬಬಾರದೆಂಬುದು ತೇನಿ ಜಿಲ್ಲೆಯ ಬೋಡಿನಾಯಕನೂರಿಗೆ ಕಂಪ್ಯೂಟರು ಬರುವ ಮೊದಲೇ ಗೊತ್ತಿತ್ತು. ಮೂನಾರ್ ಘಟ್ಟದ ಬುಡದ ಈ ಊರು ಏಲಕ್ಕಿಯ ದೊಡ್ಡ ಪೇಟೆ. ಸ್ಪೈಸಸ್ ಬೋರ್ಡಿನ ಇ-ಹರಾಜು ಇಲ್ಲಿ ನಡೆಯುತ್ತದೆ: ಕೂಗುವುದು ಪರದೆಯ ಮೇಲೆ, ಆದರೆ ಪ್ರತಿ ಲಾಟಿನ ಮಾದರಿ ವ್ಯಾಪಾರಿಯ ಕೈಗೇ ಬರಬೇಕು. ಕಾಯಿಯ ಹಸಿರು ನೋಡಿ ಬೆಲೆ ಏರುತ್ತದೆ, ಇಳಿಯುತ್ತದೆ. ಬಿಸಿ ಹೆಚ್ಚಿಸಿ ಅವಸರದಲ್ಲಿ ಒಣಗಿಸಿದರೆ ಹಸಿರು ಹೋಯಿತು, ಬೆಲೆಯೂ ಹೋಯಿತು. ಆದರೂ ದರ್ಜೆಯ ಹೆಸರು ‘ಆಲೆಪ್ಪಿ ಗ್ರೀನ್’ ಎಂದು ಅಲ್ಲಿಗೇ ನಿಲ್ಲುವುದಿಲ್ಲ. ‘ಎಕ್ಸ್‌ಟ್ರಾ ಬೋಲ್ಡ್’ ಎನಿಸಿಕೊಳ್ಳಲು ಕಾಯಿ 7 ಮಿ.ಮೀ. ಜರಡಿಯ ಮೇಲೆ ನಿಲ್ಲಬೇಕು, ‘ಬೋಲ್ಡ್’ಗೆ 6, ‘ಸುಪೀರಿಯರ್’ಗೆ 5. ಕಣ್ಣು ಹೇಳಿದ್ದನ್ನು ಜರಡಿ ಖಾತ್ರಿ ಮಾಡಬೇಕು. ಪರದೆಯ ಬಣ್ಣಗಳ ಜೋಡಣೆ, ಅಂದರೆ ಥೀಮ್, ಕಟ್ಟುವವರು ಒಮ್ಮೆ ಬೋಡಿನಾಯಕನೂರಿಗೆ ಹೋಗಿ ಬಂದರೆ ನಷ್ಟವಿಲ್ಲ.

ಇಮ್ಯಾಕ್ಸ್ ಎಡಿಟರಿನೊಳಗೇ ಫೈಲು ಪಟ್ಟಿ ತೋರಿಸುವ ‘ಡೈರೆಡ್’ ಈ ಪಾಠ ಕಲಿತಿದೆ. ಅಳಿಸಲು ಗುರುತು ಮಾಡಿದ ಫೈಲಿನ ಬಣ್ಣ ಬದಲಾಗುವುದಷ್ಟೇ ಅಲ್ಲ, ಸಾಲಿನ ಆರಂಭದಲ್ಲಿ ದೊಡ್ಡಕ್ಷರದ ‘ಡಿ’ಯೂ ಬೀಳುತ್ತದೆ. ‘ಎಕ್ಸ್’ ಒತ್ತಿ, ಹೌದೆಂದು ಒಪ್ಪುವ ತನಕ ಫೈಲು ಸುರಕ್ಷಿತ.

ಡೈರೆಡ್ ಎಲ್‌ಎಸ್‌ನಿಂದ ಪಟ್ಟಿ ತರಿಸಿಕೊಳ್ಳುತ್ತದೆ, ಬಣ್ಣ ಮಾತ್ರ ತನ್ನದೇ ಹಚ್ಚುತ್ತದೆ. ಅದು ನೋಡುವುದು ಫೈಲಿನ ಅನುಮತಿಗಳ ಸಾಲನ್ನು: ಸಣ್ಣಕ್ಷರದ ‘ಡಿ’ಯಿಂದ ಶುರುವಾದರೆ ಫೋಲ್ಡರ್, ‘ಎಲ್’ನಿಂದ ಶುರುವಾದರೆ ಕೊಂಡಿ. ಫೋಲ್ಡರಿಗೆ ಪ್ರತ್ಯೇಕ ಬಣ್ಣವೂ ಇಲ್ಲ: ಪ್ರೋಗ್ರಾಮುಗಳಲ್ಲಿ ಫಂಕ್ಷನ್ ಹೆಸರಿಗೆ ಥೀಮ್ ಯಾವ ಬಣ್ಣ ಕೊಟ್ಟಿದೆಯೋ ಅದೇ ಇದಕ್ಕೂ ಬರುತ್ತದೆ. ಹಾಗಾಗಿ ಕೋಡ್ ಚೆಂದ ಕಾಣಲೆಂದು ಮಾಡಿದ ಬದಲಾವಣೆ ಫೈಲು ಪಟ್ಟಿಯನ್ನು ಕೆಡಿಸುವುದುಂಟು.

ತೇನಿ ಜಿಲ್ಲೆಯದೇ ಆದ ಕಂಬಂ ಕಣಿವೆಯಲ್ಲಿ ಕನ್ನಡ ಮನೆಮಾತಿನ ಕಾಪ್ಪಿಲಿಯರಿದ್ದಾರೆ. ಅಲ್ಲಿ ಒಬ್ಬರು ಫೋಟೋಗೆ ಕನ್ನಡದಲ್ಲಿ ಹೆಸರಿಡಲಿ, ತಮಿಳಿನಲ್ಲಿಡಲಿ, ಎಲ್‌ಎಸ್‌ಗೆ ಎರಡೂ ಒಂದೇ. ಅದು ನೋಡುವುದು ಕೊನೆಯ ‘ಜೆಪಿಜಿ’ ಬಾಲವನ್ನು. ಬಾಲ ಕತ್ತರಿಸಿದರೆ ಬಣ್ಣ ಮಾಯ.

ಈಥನ್ ಸ್ಕೂನೋವರ್ 2011ರಲ್ಲಿ ಹೊರತಂದ ‘ಸೋಲರೈಸ್ಡ್’ ಥೀಮ್‌ನಲ್ಲಿರುವುದು 16 ಬಣ್ಣ. ಅವುಗಳಲ್ಲಿ 8 ಹಿನ್ನೆಲೆಗೂ ಸಾದಾ ಬರಹಕ್ಕೂ ಮೀಸಲು. ಇನ್ನುಳಿದ 8 ಬಿಳಿಚು ಪರದೆಗೂ ಕಡು ಪರದೆಗೂ ಬದಲಾಗದೆ ಒಗ್ಗುತ್ತವೆ. ಪ್ರೊಟೆಸಿಲಾವೊಸ್ ಸ್ತಾವ್ರೂ ಅವರ ‘ಮೋಡಸ್’ ಇನ್ನೂ ಕಟ್ಟುನಿಟ್ಟು. ಕನಿಷ್ಠ 7:1 ಅಂತರ ಪಾಲಿಸುವ ಈ ಥೀಮ್‌ಗಳು 2022ರ ಇಮ್ಯಾಕ್ಸ್ 28ರಿಂದ ಜೊತೆಗೇ ಬರುತ್ತಿವೆ. ಸೋಲರೈಸ್ಡ್ ಚೆಂದ, ಇಳಿಸಂಜೆಯ ಕಣ್ಣಿಗೆ ನನ್ನ ಓಟು ಮೋಡಸ್‌ಗೇ.

ನಿಮ್ಮ ಟರ್ಮಿನಲ್ಲಿನ ಪಟ್ಟಿ ತಿದ್ದಬೇಕೇ? ‘ಡಿರ್‌ಕಲರ್ಸ್’ ಆಜ್ಞೆಗೆ ‘-p’ ಸೇರಿಸಿದರೆ ಮೂಲ (ಡೀಫಾಲ್ಟ್) ಬಣ್ಣಗಳನ್ನೆಲ್ಲ ಸಾಲಾಗಿ ಕೊಡುತ್ತದೆ. ಫೋಲ್ಡರಿನ ಸಾಲಿನಲ್ಲಿರುವ ‘01;34’ರಲ್ಲಿ 01 ಎಂದರೆ ದಪ್ಪ, 34 ಎಂದರೆ ನೀಲಿ. ಆ 34ನ್ನು 94 ಮಾಡಿದರೆ ತಿಳಿನೀಲಿ.