ಅನಿರೀಕ್ಷಿತ ಫಲ: ಪೇಟೆಂಟಿಗೆ ಬೇಕಾದ ರುಜುವಾತು

ಅಡಿಕೆ ಚೊಗರನ್ನೋ ಕಾಫಿ ಬೀಜದ ಎಣ್ಣೆಯನ್ನೋ ಸೋಪಿಗೆ, ಮುಖದ ಕ್ರೀಮಿಗೆ ಬೆರೆಸಿ ನೋಡಿದ ಬೆಳೆಗಾರರು ಮೊದಲು ಕೇಳುವ ಪ್ರಶ್ನೆ, ಇದಕ್ಕೆ ಪೇಟೆಂಟ್ ಸಿಕ್ಕೀತೇ ಎಂಬುದು. ಅರ್ಜಿಗೆ ಹಣ ಸುರಿಯುವ ಮೊದಲು ಇಂಥ ಅರ್ಜಿಗಳು ಎಲ್ಲಿ ಎಡವುತ್ತವೆಂದು ತಿಳಿದಿರುವುದು ಒಳ್ಳೆಯದು.

ಕ್ರೀಮಿನ ಸಾಮಗ್ರಿಗಳು ಬಹುಮಟ್ಟಿಗೆ ಮೊದಲೇ ಗೊತ್ತಿರುವಂಥವು. ಹಾಗಾಗಿ, ಇವನ್ನು ಬೆರೆಸುವುದು ಈ ಕಸುಬು ಬಲ್ಲ ಯಾರಿಗಾದರೂ ಹೊಳೆಯುತ್ತಿತ್ತು ಎಂದು ಪರೀಕ್ಷಕರು ಆಕ್ಷೇಪಿಸುತ್ತಾರೆ. ನಮ್ಮ 1970ರ ಪೇಟೆಂಟ್ ಕಾಯಿದೆಯ 3(ಇ) ಕಲಮಿನ ಪ್ರಕಾರವೂ, ಘಟಕಗಳ ಗುಣಗಳು ಒಟ್ಟುಗೂಡಿದ್ದಷ್ಟೇ ಆದ ಬರೀ ಬೆರಕೆ ಆವಿಷ್ಕಾರವಲ್ಲ. ಆಗ ಅರ್ಜಿದಾರನಿಗೆ ಉಳಿಯುವ ಬಲವಾದ ಉತ್ತರವೆಂದರೆ, ಬೆರೆಸಿದಾಗ ಯಾರೂ ಎಣಿಸದ ಫಲ ಬಂತು ಎಂಬುದು. ಅದನ್ನು ಬಾಯಲ್ಲಿ ಹೇಳಿದರೆ ಸಾಲದು. ವಕೀಲರ ವಾದವೂ ರುಜುವಾತಲ್ಲ, ಅಂಕಿಅಂಶ ಬೇಕು.

ಯಾವುದರೊಡನೆ ಹೋಲಿಸಬೇಕು ಎಂಬಲ್ಲೇ ಹೆಚ್ಚಿನವರು ಸೋಲುತ್ತಾರೆ. ಕೊಳೆರೋಗಕ್ಕೆ ಹೊಸ ಮದ್ದೊಂದು ಬಂತೆನ್ನಿ. ಅದನ್ನು ಬಿಟ್ಟ ಮರವನ್ನು ಏನೂ ಬಿಡದ ಮರದ ಪಕ್ಕದಲ್ಲಿ ತೋರಿಸಿ 'ನೋಡಿ, ಕಾಯಿ ಉದುರಿಲ್ಲ' ಎಂದರೆ ನಾವು ಒಪ್ಪುವುದಿಲ್ಲ. ಶೇಕಡಾ 1ರ ಬೋರ್ಡೋ ಬಿಟ್ಟ ಮರಕ್ಕಿಂತ ಹೇಗಿದೆ ಎಂದು ಕೇಳುತ್ತೇವೆ. ಎರಡೂ ಒಂದೇ ತೋಟದವೇ, ಒಂದೇ ಮಳೆಗೆ ನೆನೆದವೇ ಎಂದೂ ಕೇಳುತ್ತೇವೆ. ಪೇಟೆಂಟ್ ಕಚೇರಿ ಕೇಳುವುದೂ ಇದನ್ನೇ. ಹೊಸ ಕ್ರೀಮನ್ನು ಹೋಲಿಸಬೇಕಾದದ್ದು ಅದಕ್ಕೆ ಅತ್ಯಂತ ಸಮೀಪವಾದ ಹಳೆಯ ಕ್ರೀಮಿನೊಡನೆ, ಬರಿಯ ಚರ್ಮದೊಡನೆ ಅಲ್ಲ.

ಫಲ ಒಳ್ಳೆಯದಾಗಿದ್ದರೂ ಸಾಲದೆಂಬುದಕ್ಕೆ ಅಮೆರಿಕದ ಮೊಕದ್ದಮೆಯೊಂದಿದೆ. ಮೊಡವೆಗೆ ಹಚ್ಚುವ ಅಡಾಪಲೀನ್ ಜೆಲ್ ಕಾನೂನಿನ ಲೆಕ್ಕದಲ್ಲಿ ಔಷಧ, ಆದರೂ ಕ್ರೀಮಿಗೆ ಅನ್ವಯಿಸುವ ನಿಯಮ ಬೇರೆಯಲ್ಲ. ಶೇಕಡಾ 0.1ರ ಜೆಲ್ ಮೊದಲೇ ಬಳಕೆಯಲ್ಲಿತ್ತು. ಗಾಲ್ಡರ್ಮಾ ಕಂಪೆನಿ 0.3ರದ್ದಕ್ಕೆ ಪೇಟೆಂಟ್ ಪಡೆದಿತ್ತು. ಪ್ರಮಾಣ ಮೂರು ಪಟ್ಟಾದರೆ ಚರ್ಮದ ಉರಿಯೂ ಹೆಚ್ಚಬೇಕಿತ್ತು, ಹಾಗಾಗಲಿಲ್ಲ, ಇದು ಅನಿರೀಕ್ಷಿತ ಎಂಬುದು ಅದರ ವಾದ. ಕೆಳಗಿನ ನ್ಯಾಯಾಲಯ ಒಪ್ಪಿತು. ಟಾಲ್ಮರ್ ಕಂಪೆನಿಯ ಮೇಲ್ಮನವಿಯಲ್ಲಿ, 2013ರ ಡಿಸೆಂಬರಿನಲ್ಲಿ, ತೀರ್ಪು ತಿರುಗಿತು. ಹಳೆಯ ಪೇಟೆಂಟುಗಳೇ 0.01ರಿಂದ 1ರವರೆಗಿನ ಪ್ರಮಾಣವನ್ನು ಹೇಳಿದ್ದವು. ಅದರೊಳಗಿನ ಒಂದು ಅಂಕಿಯನ್ನು ಆರಿಸಿಕೊಂಡವನು ಗುಣದಲ್ಲೇ ಬೇರೆಯಾದ ಫಲ ತೋರಿಸಬೇಕು, ಇಲ್ಲಿರುವುದು ಮಟ್ಟದ ವ್ಯತ್ಯಾಸ ಮಾತ್ರ ಎಂದಿತು ನ್ಯಾಯಾಲಯ. ಮೂವರು ನ್ಯಾಯಾಧೀಶರಲ್ಲಿ ಒಬ್ಬರು ಒಪ್ಪಲಿಲ್ಲ. ಕಂಪೆನಿಯ ವಾದದಲ್ಲಿ ಹುರುಳೇ ಇರಲಿಲ್ಲವೆಂದು ನಮಗೂ ಅನ್ನಿಸುವುದಿಲ್ಲ.

ಇನ್ನೊಂದು ತೊಡಕು ವ್ಯಾಪ್ತಿಯದು. ಶೇಕಡಾ 1ರಿಂದ 20ರವರೆಗೆ ಚೊಗರಿನ ಸಾರಕ್ಕೆ ಹಕ್ಕು ಕೇಳಿ, ಪ್ರಯೋಗವನ್ನು 5ರಲ್ಲಿ ಮಾತ್ರ ಮಾಡಿದ್ದರೆ ಉಳಿದದ್ದಕ್ಕೆ ಆಧಾರವೆಲ್ಲಿ? ಎರಡು ಕೊನೆಗಳಲ್ಲೂ ನಡುವೆಯೂ ಪರೀಕ್ಷಿಸಿರಬೇಕು, ಇಲ್ಲವೆ ಕೇಳುವ ಹಕ್ಕನ್ನು ಕಿರಿದುಮಾಡಬೇಕು.

ಇದೆಲ್ಲ ಮೇಲ್ಮನವಿಗೆ ಮೊದಲೇ ಆಗಬೇಕಾದ ಕೆಲಸ. ಅಮೆರಿಕದಲ್ಲಿ ಪ್ರಯೋಗ ಮಾಡಿದವರ ಪ್ರಮಾಣಪತ್ರವನ್ನು ಪರೀಕ್ಷಕರ ಮುಂದೆಯೇ ಇಡಬೇಕು. ಮೇಲ್ಮನವಿ ಹೂಡಿದ ಮೇಲೆ ಹೊಸ ಸಾಕ್ಷ್ಯಕ್ಕೆ ಬಾಗಿಲು ಬಹುಮಟ್ಟಿಗೆ ಮುಚ್ಚಿರುತ್ತದೆ. ನಮ್ಮಲ್ಲಿ 2021ರಲ್ಲಿ ಮೇಲ್ಮನವಿ ಮಂಡಳಿ ರದ್ದಾಗಿ ಇಂಥ ಪ್ರಕರಣಗಳು ಹೈಕೋರ್ಟಿಗೆ ಹೋಗುತ್ತಿವೆ. ಕರ್ನಾಟಕದ ಅರ್ಜಿಗಳನ್ನು ನೋಡುವುದು ಚೆನ್ನೈ ಪೇಟೆಂಟ್ ಕಚೇರಿ. ಅಲ್ಲಿಂದ ಆಕ್ಷೇಪಣೆಯ ಕಾಗದ ಬಂದಾಗ ಹೋಲಿಕೆಯ ಪಟ್ಟಿ ಕೈಯಲ್ಲಿ ಸಿದ್ಧವಿರಬೇಕು.